ಬುಷ್, ಸೀಮೆಸುಣ್ಣ ಮತ್ತು ಹಳೇ ಜೆನ್

ಮಾನ್ಯ ಸಂಪಾದಕರೇ,

ಕಾರ್ ರೇಸ್ ದುಡ್ಡಿದ್ದವರ ಆಟ ಅಂತ ಎಲ್ಲರೂ ಹೇಳುತ್ತಾರೆ. ಪೂರ್ತಿ ನಿಜ ಅಲ್ಲ. ನನ್ನದು 2001ರ ಮಾರುತಿ ಜೆನ್. ಆಟೋಕ್ರಾಸ್‌ಗೆಂದು (ಚಿಕ್ಕ ಟ್ರ್ಯಾಕಿನಲ್ಲಿ ಟೈಮ್ ನೋಡಿ ನಡೆಸುವ ಕಾರ್ ಸ್ಪರ್ಧೆ) ಮಾಡಿಸಿದ ಮೊದಲ ಕೆಲಸವೇ ತಪ್ಪಾಯಿತು. ಕಾರು ತಗ್ಗಲಿ ಎಂದು ಗ್ಯಾರೇಜೊಂದರ ಮಾತು ಕೇಳಿ ಸ್ಪ್ರಿಂಗ್‌ನ ಒಂದು ಸುತ್ತು ಕತ್ತರಿಸಲು ಬಿಟ್ಟೆ. ಸಣ್ಣ ಗುಂಡಿಗೂ ಸಸ್ಪೆನ್ಷನ್ ದಡ್ ಎಂದು ಬಡಿಯುತ್ತಿತ್ತು. ತಿರುವಿನಲ್ಲಿ ಹಿಡಿತವೇ ಇಲ್ಲ! ಕೊನೆಗೆ ಗುಜರಿಯಿಂದ ಒರಿಜಿನಲ್ ಸ್ಪ್ರಿಂಗ್ ತಂದು ಹಾಕಿಸಿದೆ.

ಆಮೇಲೆ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್‌ನ ಸವೆದಿದ್ದ ರಬ್ಬರ್ ಬುಷ್ ಬದಲಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಅಷ್ಟಕ್ಕೇ ಸ್ಟೀರಿಂಗ್ ಮಾತು ಕೇಳತೊಡಗಿತು.

ಟೈರಿನ ಗಾಳಿ ಸರಿಯಿದೆಯಾ ನೋಡೋಕೆ ಸೀಮೆಸುಣ್ಣ ಸಾಕು. ಟೈರ್ ನೆಲ ತಾಗುವ ಭಾಗದ ಅಂಚಿನಿಂದ ಅದರ ಸೈಡ್‌ವಾಲ್‌ವರೆಗೆ (ಟೈರಿನ ಪಕ್ಕದ ಮೈ) ಗೆರೆ ಎಳೆದು, ಟಾರ್ ಹಾಕಿದ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಓಡಿಸಿ. ಸೈಡ್‌ವಾಲ್ ಮೇಲೂ ಗೆರೆ ಅಳಿಸಿದ್ದರೆ ಗಾಳಿ ಕಮ್ಮಿ. ಅಂಚಿನಲ್ಲಿ ಹಾಗೇ ಉಳಿದಿದ್ದರೆ ಜಾಸ್ತಿ. ಅದಕ್ಕೆ ತಕ್ಕಂತೆ 2 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಏರಿಸಿ ಇಲ್ಲವೇ ಇಳಿಸಿ, ಮತ್ತೆ ನೋಡಿ.

ದುಡ್ಡು ಉಳಿದರೆ ಒಳ್ಳೆ ಟೈರ್ ಕೊಳ್ಳಿ. ಇಂಥ ಕಾರಿಗೆ ಹಿಂದೆ ರೆಕ್ಕೆಯಂಥ ದೊಡ್ಡ ಸ್ಪಾಯ್ಲರ್ ಸುಮ್ನೆ ಶೋಕಿ.

ಆಟೋಕ್ರಾಸ್ ಸುದ್ದಿಯಲ್ಲಿ ಗೆದ್ದವರ ಫೋಟೊ ಜತೆ, ಅವರು ಕಾರಿಗೆ ಏನೇನು ಮಾಡಿಸಿದ್ದರು ಅಂತಲೂ ನಾಲ್ಕು ಸಾಲು ಹಾಕಬಹುದಲ್ವಾ?

– ನಿಮ್ಮ ಓದುಗ, ಹಾಸನ