ಧ್ರುವರಾತ್ರಿಯ ಸಹಭೋಜನ ದುಂದುವೆಚ್ಚವಲ್ಲ

ಮಾನ್ಯ ಸಂಪಾದಕರೇ,

ದಕ್ಷಿಣಾರ್ಧಗೋಳದಲ್ಲಿ ಜೂನ್ ಎಂದರೆ ನಡುಚಳಿಗಾಲ. ಪ್ರತಿವರ್ಷ ಜೂನ್ 21ರ ಆಸುಪಾಸಿನಲ್ಲಿ ಅಂಟಾರ್ಕ್ಟಿಕಾದ ಸಂಶೋಧನಾ ಕೇಂದ್ರಗಳಲ್ಲಿ ನಡೆಯುವ ಮಧ್ಯಚಳಿಗಾಲದ ಔತಣದ ಚಿತ್ರಗಳು ಹೊರಬಂದಾಗಲೆಲ್ಲ, ವಿಜ್ಞಾನಕ್ಕೆಂದು ಕೊಟ್ಟ ಸಾರ್ವಜನಿಕ ಹಣದಲ್ಲಿ ಈ ಅಲಂಕಾರ, ಹಾಡು, ಹಬ್ಬದಡುಗೆ ಏಕೆ ಎಂದು ಕೇಳುವವರು ನಮ್ಮಲ್ಲಿದ್ದಾರೆ. ಈ ಆಕ್ಷೇಪಕ್ಕೆ ಆಧಾರವಿಲ್ಲವೆಂದು ನನ್ನ ಅಭಿಪ್ರಾಯ.

ಭಾರತದ ಮೈತ್ರಿ ಕೇಂದ್ರ 1989ರಿಂದ, ಭಾರತಿ ಕೇಂದ್ರ 2012ರಿಂದ ಅಲ್ಲಿ ಕೆಲಸ ಮಾಡುತ್ತಿವೆ. ಬೇಸಿಗೆ ಮುಗಿದು ಹಡಗು ಹಿಂತಿರುಗಿದ ಮೇಲೆ ಉಳಿಯುವ ಸಣ್ಣ ತಂಡಕ್ಕೆ ತಿಂಗಳುಗಟ್ಟಲೆ ಹೊಸ ಮುಖವಿಲ್ಲ, ತಾಜಾ ತರಕಾರಿಯಿಲ್ಲ. ಮೈತ್ರಿಯಲ್ಲಂತೂ ಸುಮಾರು ಎರಡು ತಿಂಗಳು ಸೂರ್ಯನೇ ಮೇಲೇಳುವುದಿಲ್ಲ. ಯಾರಿಗಾದರೂ ಮನಸ್ಸು ಕೆಟ್ಟರೆ ಮನೆಗೆ ಕಳಿಸಲು ದಾರಿಯಿಲ್ಲ.

ಇಂಥ ಕತ್ತಲು ಏನು ಮಾಡಬಲ್ಲದೆಂಬುದಕ್ಕೆ ಚರಿತ್ರೆಯಲ್ಲಿ ದಾಖಲೆಯಿದೆ. 1898ರಲ್ಲಿ ಹಿಮದಲ್ಲಿ ಸಿಕ್ಕಿಕೊಂಡ, ಬೆಲ್ಜಿಯಂನ ಅನ್ವೇಷಣಾ ಯಾತ್ರೆಯ ಬೆಲ್ಜಿಕಾ ಹಡಗಿನವರು ಅಂಟಾರ್ಕ್ಟಿಕ ವೃತ್ತದೊಳಗೆ ಚಳಿಗಾಲ ಕಳೆದ ಮೊದಲಿಗರು. ಡಬ್ಬಿಯ ಆಹಾರವನ್ನೇ ನೆಚ್ಚಿದ್ದ ಅವರನ್ನು ಸ್ಕರ್ವಿ (ಸಿ ಜೀವಸತ್ವದ ಕೊರತೆಯ ರೋಗ) ಹಿಡಿಯಿತು, ಒಬ್ಬರು ತೀರಿಕೊಂಡರು, ಕೆಲವರಿಗೆ ಬುದ್ಧಿಭ್ರಮಣೆಯಾಯಿತು. ವೈದ್ಯ ಫ್ರೆಡರಿಕ್ ಕುಕ್ ಹಟ ಹಿಡಿದು ಪೆಂಗ್ವಿನ್ ಮತ್ತು ಸೀಲ್‌ಗಳ ತಾಜಾ ಮಾಂಸ ತಿನ್ನಿಸಿದ ಮೇಲೆಯೇ ಅವರು ಚೇತರಿಸಿಕೊಂಡರು. ಹದಿಮೂರು ವರ್ಷಗಳ ನಂತರ, 1911ರ ಜೂನ್ 22ರಂದು, ಅಂಟಾರ್ಕ್ಟಿಕಾದ ಕೇಪ್ ಇವಾನ್ಸ್‌ನ ಮರದ ಗುಡಿಸಲಿನಲ್ಲಿ ಬ್ರಿಟಿಷ್ ಅನ್ವೇಷಕ ಕ್ಯಾಪ್ಟನ್ ಸ್ಕಾಟ್‌ರ ತಂಡ ಬಾವುಟಗಳನ್ನು ತೂಗುಹಾಕಿ, ಸೀಲ್ ಸೂಪು, ಹುರಿದ ದನದ ಮಾಂಸ, ಪ್ಲಮ್ ಪುಡ್ಡಿಂಗ್‌ಗಳ ಊಟ ಮಾಡಿತು. ತಂಡದ ಬೋವರ್ಸ್ ಕೋಲು ಮತ್ತು ಹಕ್ಕಿಯ ಗರಿಗಳಿಂದ ಕ್ರಿಸ್‌ಮಸ್ ಮರವೊಂದನ್ನು ಕಟ್ಟಿ, ಅದರಲ್ಲಿ ಎಲ್ಲರಿಗೂ ಉಡುಗೊರೆ ಇಟ್ಟಿದ್ದರು. ಐದೇ ದಿನಗಳ ಬಳಿಕ ಅದೇ ಬೋವರ್ಸ್, ವಿಲ್ಸನ್ ಮತ್ತು ಚೆರ್ರಿ-ಗ್ಯಾರಾರ್ಡ್ ಕತ್ತಲಲ್ಲಿಯೇ ಸ್ಲೆಡ್ಜ್ ಎಳೆದುಕೊಂಡು ಸಂಶೋಧನೆಗಾಗಿ ಎಂಪರರ್ ಪೆಂಗ್ವಿನ್‌ನ ಮೊಟ್ಟೆ ತರಲು ಹೊರಟರು ಮತ್ತು ಮೈನಸ್ 60 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿಳಿದ ಚಳಿಯನ್ನು ದಾಟಿ ಮೂರು ಮೊಟ್ಟೆಗಳೊಂದಿಗೆ ಮರಳಿದರು. ಔತಣದಿಂದಲೇ ಅದು ಸಾಧ್ಯವಾಯಿತೆಂದು ನಾನು ಹೇಳುವುದಿಲ್ಲ. ಆದರೆ ಉಂಡು ನಲಿದವರು ವಿಜ್ಞಾನವನ್ನು ಮರೆತರೆಂದು ಯಾರೂ ಹೇಳುವಂತಿಲ್ಲ. (ಅಂದಹಾಗೆ, ಆ ಗುಡಿಸಲಿನಲ್ಲಿ ಅಧಿಕಾರಿಗಳನ್ನೂ ನಾವಿಕರನ್ನೂ ಪೆಟ್ಟಿಗೆಗಳ ಗೋಡೆಯೊಂದು ಬೇರ್ಪಡಿಸಿತ್ತು. ಇಂದಿನ ಹಲವು ಕೇಂದ್ರಗಳಲ್ಲಿ ವಿಜ್ಞಾನಿಯೂ ಸರದಿಯ ಮೇಲೆ ಅಡುಗೆಮನೆಯಲ್ಲಿ ಕೈಜೋಡಿಸಬೇಕು. ಪಂಕ್ತಿಭೇದವನ್ನು ಕಂಡ ನಮಗೆ ಇದರ ಬೆಲೆ ಗೊತ್ತಿರಬೇಕು.)

ಈಗಲೂ ಮಧ್ಯಚಳಿಗಾಲದ ದಿನ ಅಲ್ಲಿನ ಕೇಂದ್ರಗಳು ಪರಸ್ಪರ ಶುಭಾಶಯ ಪತ್ರಗಳನ್ನು ಕಳಿಸಿಕೊಳ್ಳುತ್ತವೆ. ನೆರೆಯವರೆಂದರೆ ಯಾರು? ಮೈತ್ರಿಗೆ ರಷ್ಯಾದ ನೊವೊಲಜಾರೆವ್‌ಸ್ಕಾಯಾ, ಭಾರತಿಗೆ ರಷ್ಯಾದ ಪ್ರೋಗ್ರೆಸ್ ಮತ್ತು ಚೀನಾದ ಝೋಂಗ್‌ಶಾನ್. ಜನರೇಟರ್ ಕೆಟ್ಟರೆ, ಯಾರಾದರೂ ಕಾಯಿಲೆ ಬಿದ್ದರೆ ಮೊದಲು ಕೂಗಿ ಕರೆಯಬೇಕಾದವರು ಇವರನ್ನೇ. ಈ ಸ್ನೇಹವನ್ನು ಊಟದ ಮೇಜಿಗಿಂತ ಅಗ್ಗವಾಗಿ ಸಂಪಾದಿಸುವ ಬೇರೆ ವಿಧಾನ ನನಗೆ ತಿಳಿಯದು. ಆಕ್ಷೇಪಿಸುವವರು ಒಂದು ವರ್ಷದ ಡೀಸೆಲ್ ಖರ್ಚಿನ ಪಕ್ಕದಲ್ಲಿ ಒಂದು ರಾತ್ರಿಯ ಪಾಯಸದ ಖರ್ಚನ್ನು ಇಟ್ಟು ನೋಡಲಿ.

ಈ ವಿಷಯದಲ್ಲಿ ನಮ್ಮ ರಾಜ್ಯಕ್ಕೂ ಪಾಲಿದೆ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಬಹುಕಾಲ ಕೆಡದ ಆಹಾರಗಳನ್ನು ಸೈನಿಕರಿಗಷ್ಟೇ ಅಲ್ಲದೆ ಅಂಟಾರ್ಕ್ಟಿಕ ಯಾತ್ರೆಗಳಿಗೂ ಒದಗಿಸಿದೆ. ಆದರೆ ಆ ಡಬ್ಬಿ, ಪೊಟ್ಟಣಗಳನ್ನು ಬಿಡಿಸಿ ಒಗ್ಗರಣೆ ಹಾಕಿ, ಹತ್ತಾರು ರಾಜ್ಯಗಳ ನಾಲಿಗೆಗೆ ಒಪ್ಪಿಸುವ ಅಡುಗೆಯವರ ಬಗ್ಗೆ ನಾವು ಓದುವುದು ಅಪರೂಪ. ಮುಂದಿನ ಜೂನ್ 21ರಂದು ಯೋಗ ದಿನದ ಚಿತ್ರಗಳ ನಡುವೆ ತಮ್ಮ ಪತ್ರಿಕೆಯು ಅರ್ಧ ಪುಟವನ್ನಾದರೂ ಮೀಸಲಿಟ್ಟು, ಅಲ್ಲಿ ಚಳಿಗಾಲ ಕಳೆದು ಬಂದ ಕನ್ನಡಿಗರಿಂದ, ಮುಖ್ಯವಾಗಿ ಅಡುಗೆಮನೆಯಲ್ಲಿ ದುಡಿದವರಿಂದ, ಲೇಖನಗಳನ್ನು ಬರೆಯಿಸಬೇಕೆಂದು ಕೋರುತ್ತೇನೆ.

ಇತಿ,
ನಿವೃತ್ತ ಭೂಗೋಳ ಶಿಕ್ಷಕ, ಮೈಸೂರು