ಹೆಸರು ಬೇಡವೆಂದ ನೆರೆಮನೆಯ ಹಿರಿಯರಿಗೆ

ಅಮೆರಿಕದ ಮಿನೆಸೋಟಾದ ಚಳಿಯಲ್ಲಿ ಮನೆ ಬೆಚ್ಚಗಿಡುವ ನಮ್ಮ ಗ್ಯಾಸ್ ಹೀಟಿಂಗ್ ಸ್ಟೌವ್‌ಗೆ ಅವಸರದಲ್ಲಿ ಬ್ಲೋವರ್, ಅಂದರೆ ಬಿಸಿ ಗಾಳಿಯನ್ನು ಕೋಣೆಗೆ ತಳ್ಳುವ ಫ್ಯಾನು, ಕೂರಿಸಲು ಹೊರಟಿದ್ದ ನನ್ನನ್ನು ತಡೆದು, ಮೊದಲು ಗ್ಯಾಸ್ ವಾಲ್ವ್ ಮುಚ್ಚಿಸಿ, ಒಲೆ ಪೂರ್ತಿ ತಣ್ಣಗಾಗುವವರೆಗೆ ಕಾಯಿಸಿದ ಆ ಹಿರಿಯರಿಗೆ ಹೃತ್ಪೂರ್ವಕ ಧನ್ಯವಾದಗಳು. ನಾನು ತಂದಿದ್ದ ಬೇರೆ ಮಾದರಿಯದನ್ನು ಪಕ್ಕಕ್ಕಿಟ್ಟು, ಒಲೆಯ ಕೈಪಿಡಿಯಲ್ಲಿ ಹೇಳಿದ ಕಿಟ್ಟನ್ನೇ ಅವರು ತರಿಸಿದರು. ಒಲೆಯ ಹಿಂದೆ ಮೊಣಕಾಲೂರಿ, ವೈರು ಬಿಸಿ ತಗಡಿಗೆ ತಾಗದಂತೆ ಕ್ಲಿಪ್ಪಿಗೆ ಸಿಕ್ಕಿಸಿ, ಅಯಸ್ಕಾಂತದಿಂದ ಅಂಟುವ ಶಾಖದ ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಕೂರಿಸಿದ್ದು ಇನ್ನೂ ಕಣ್ಣ ಮುಂದಿದೆ. ಒಲೆ ಕಾದ ಮೇಲಷ್ಟೇ ಫ್ಯಾನು ತಿರುಗುವಂತೆ ನೋಡಿಕೊಳ್ಳುವುದು ಆ ಸ್ವಿಚ್ಚೇ. ಪ್ಲಗ್ಗಿನ ಮೂರನೆಯ ಪಿನ್ನು, ಅಂದರೆ ಅರ್ಥಿಂಗ್ ಪಿನ್ನನ್ನು, ಯಾವ ಕಾರಣಕ್ಕೂ ಕತ್ತರಿಸಬಾರದೆಂದು ಎರಡು ಸಲ ಹೇಳಿದರು. ಕೊನೆಗೆ ಗ್ಯಾಸ್ ತೆರೆದು, ಸೋರಿಕೆ ಇದೆಯೇ ಎಂದು ನೋಡಲು ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ, ಒಂದು ಗುಳ್ಳೆಯೂ ಏಳಲಿಲ್ಲವೆಂದು ಖಾತ್ರಿಯಾದ ಬಳಿಕವೇ ನಮ್ಮ ಮನೆಯ ಕಾಫಿ ಮುಟ್ಟಿದರು.