ಬುಟ್ಟಿ ಹಿಡಿದು ಜಾರಿದ ಗಂಡ

ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ಹಳೆಯ ಚಿತ್ರಕಾರ್ತಿಯರು ಅಂದರೆ ಮೇರಿ ಕಸಾಟ್ ಹೆಸರಿಗೇ ನಾವು ನಿಂತುಬಿಡುತ್ತೇವೆ. ಲಿಲಿ ಮಾರ್ಟಿನ್ ಸ್ಪೆನ್ಸರ್ ಬಗ್ಗೆಯೂ ನಿಮ್ಮ ಪುರವಣಿಯಲ್ಲಿ ಒಮ್ಮೆ ಬರೆಸಿ.

1822ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ತಂದೆ ತಾಯಿ ಫ್ರೆಂಚರು. ಬೆಳೆದದ್ದು ಅಮೆರಿಕದ ಒಹಾಯೊದಲ್ಲಿ. ಹುಡುಗಿ ಮನೆ ಗೋಡೆ ತುಂಬ ಇದ್ದಿಲಿನಲ್ಲಿ ಚಿತ್ರ ಬರೆದಳು. ಅಪ್ಪ ಬೈಯುವುದು ಬಿಟ್ಟು, ಚಿತ್ರಕಲೆ ಮುಂದುವರಿಸಲೆಂದು ಮಗಳನ್ನು ಸಿನ್ಸಿನಾಟಿಗೆ ಕರೆದುಕೊಂಡು ಹೋದರು! 1844ರಲ್ಲಿ ಮದುವೆ. ಹದಿಮೂರು ಮಕ್ಕಳು ಹುಟ್ಟಿ, ಏಳು ಉಳಿದವು. ಸಂಸಾರ ನಡೆದದ್ದು ಇವರ ಕುಂಚದಿಂದ. ಗಂಡ ಬೆಂಜಮಿನ್ ಮನೆಗೆಲಸಕ್ಕೂ ಚಿತ್ರದ ವ್ಯವಹಾರಕ್ಕೂ ಹೆಗಲು ಕೊಟ್ಟರು. ಆ ಕಾಲಕ್ಕೆ ಅದು ಸುಮ್ನೆ ಮಾತಲ್ಲ.

ಅವರು ಜಾಸ್ತಿ ಬರೆದದ್ದು ಅಡುಗೆಮನೆ, ಮಕ್ಕಳು, ಸಂತೆ. ಒಂದರಲ್ಲಿ ಹೆಂಗಸೊಬ್ಬಳು ಈರುಳ್ಳಿ ಸುಲಿಯುತ್ತ ಕಣ್ಣೀರು ಒರೆಸಿಕೊಳ್ಳುತ್ತಾಳೆ. ನನಗೆ ಇಷ್ಟವಾದದ್ದು 1854ರ ಇನ್ನೊಂದು ಚಿತ್ರ. ಹೊಸ ಗಂಡ ಮೊದಲ ಸಲ ಪೇಟೆಗೆ ಹೋಗಿದ್ದಾನೆ. ಮಳೆ, ಕೈಯಲ್ಲಿ ಕೊಡೆ, ಬುಟ್ಟಿಯಿಂದ ಸಾಮಾನು ಜಾರುತ್ತಿದೆ. ದಾರಿಹೋಕನಿಗೆ ನಗು! ಇಂಥ ಗಂಡಂದಿರು ನಮ್ಮ ಬೀದಿಯಲ್ಲೂ ಇದ್ದಾರೆ ಅಲ್ವಾ?

ಇವರ ಚಿತ್ರಗಳ ಅಚ್ಚಿನ ಪ್ರತಿಗಳು ಎಷ್ಟೋ ಮನೆಗಳ ಗೋಡೆ ಸೇರಿದವು. ದುಡ್ಡು ಮಾತ್ರ ಇವರ ಕೈಗೆ ಅಷ್ಟಾಗಿ ಬರಲಿಲ್ಲ. ಆದರೂ ಕುಂಚ ಕೆಳಗಿಡಲಿಲ್ಲ. 1902ರಲ್ಲಿ, 79ನೇ ವಯಸ್ಸಿನಲ್ಲಿ ತೀರಿಕೊಂಡರು.

ಲೇಖನ ಬಂದರೆ ಆ ಬುಟ್ಟಿ ಗಂಡನ ಚಿತ್ರವನ್ನೂ ಹಾಕಿ. ದಯವಿಟ್ಟು ಬಣ್ಣದಲ್ಲೇ.

– ಓದುಗಳು, ಶಿವಮೊಗ್ಗ